ಕೂಗಳತೆ ದೂರದ ಮನೆ

ಅಜ್ಜಂಪುರ
೧೦-೧೦-೧೯೮೪, ಬುಧವಾರ

ಕಲ್ಲೇಶಿಯ ತಂದೆಯವರಿಗೆ ನಮಸ್ಕಾರಗಳು.

ಇಲ್ಲಿ ನಾನೂ ಮಕ್ಕಳಿಬ್ಬರೂ ಕ್ಷೇಮ. ಅಲ್ಲಿ ನಿಮ್ಮ ಕ್ಷೇಮವನ್ನು ಬಸ್‌ಸ್ಟ್ಯಾಂಡಿನ ಹೋಟೆಲಿನವರು ನೋಡಿಕೊಳ್ಳುತ್ತಿದ್ದಾರೆಂದು ತಿಳಿದಿದ್ದೇನೆ.

ನಿಮ್ಮ ಕಾರ್ಡು ಸೋಮವಾರ ಬಂತು. ಅಲ್ಲಾ, ಗಂಡ ಹೆಂಡತಿ ಜಗಳವನ್ನು ಯಾರಾದರೂ ಕಾರ್ಡಿನಲ್ಲಿ ಬರೆಯುತ್ತಾರೇನ್ರೀ? ಪೋಸ್ಟ್‌ಮನ್ ಕಲ್ಲಪ್ಪ ಬೀದಿಯ ತುದಿಯಿಂದಲೇ ಓದಿಕೊಂಡು ಬಂದ. ಕಾರ್ಡನ್ನು ನನ್ನ ಕೈಗೆ ಕೊಡುವುದಕ್ಕೆ ಮೊದಲೇ, 'ಅಕ್ಕಾ, ಬಾವ ಬಂದ್ಬಿಡು ಅಂತ ಬರ್ದವ್ರೆ, ಸಿಟ್ಟೇನೂ ಇದ್ದಂಗೆ ಕಾಣ್ಸಲ್ಲ' ಎಂದು ಸಾರಾಂಶವನ್ನೂ ಹೇಳಿದ. ಸಂಜೆಯ ಹೊತ್ತಿಗೆ ತರಕಾರಿಯವಳೂ ನನ್ನನ್ನು ಯಾವಾಗ ಹೊರಡುತ್ತೀರಿ ಎಂದು ಕೇಳಿದಳು. ಅದಕ್ಕೇ ನಾನು ಕವರಿನಲ್ಲಿ ಬರೆಯುತ್ತಿದ್ದೇನೆ. ಅಂಟು ಸಾಲದೆಂದು ಎರಡು ಅನ್ನದ ಅಗುಳನ್ನೂ ಹಚ್ಚುವವಳಿದ್ದೇನೆ. ವಿಳಾಸ ಬರೆಯಲು ಮಾತ್ರ ಎಂದಿನಂತೆ ಅಣ್ಣನನ್ನು ಹಿಡಿಯಬೇಕು. ಗಂಡನ ಹೆಸರು ಎತ್ತಬಾರದು ಎಂದು ಅವ್ವ ನನ್ನ ಬಾಯಿಗೆ ಕಲಿಸಿದ್ದು, ಪೆನ್ನಿಗೂ ಅಭ್ಯಾಸವಾಗಿಬಿಟ್ಟಿದೆ. ಅಣ್ಣ ತರೀಕೆರೆಗೆ ಹೋಗಿದ್ದಾನೆ. ಅವನು ಬರುವುದರೊಳಗೆ ಬರೆದು ಮುಗಿಸುತ್ತೇನೆ.

ಕಾರ್ಡಿನಲ್ಲಿ ನೀವು ಬರೆದಿರುವುದಾದರೂ ಏನು? 'ಕೂಗಳತೆ ದೂರಕ್ಕೆ ಯಾರಾದರೂ ಮನೆ ಬಿಟ್ಟು ಹೋಗುತ್ತಾರಾ? ಹದಿನೈದನೇ ತಾರೀಕು ಸೋಮವಾರ ಸ್ಕೂಲು ಶುರು. ಹೊರಟು ಬಾ.' ಅಷ್ಟೇ. ಮತ್ತೆ ಅದೇ ಕೂಗಳತೆ! ನಾಲ್ಕು ವರ್ಷದಿಂದ ಈ ಒಂದು ಮಾತು ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದುಹೋಗಿದೆ. ನೀವು ಇನ್ನೊಂದು ಸಲ ಆ ಮಾತು ಆಡಿದರೆ ನಾನು ಅಜ್ಜಂಪುರವನ್ನೂ ದಾಟಿ ಶಿವನಿ ಊರಿಗೆ ಹೋಗಿ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಕೂರುತ್ತೇನೆ. ಆಮೇಲೆ ಅಲ್ಲಿಗೆ ಎಷ್ಟು ಕೂಗಳತೆ ಅಂತ ನೀವೇ ಲೆಕ್ಕ ಹಾಕಿಕೊಳ್ಳಿ.

ಮೊದಲಿಂದ ಬರೆಯುತ್ತೇನೆ. ನಿಮಗೆ ಗೊತ್ತಿಲ್ಲದ್ದೇನಲ್ಲ, ನಿಜ. ಆದರೆ ಎದುರಿಗೆ ಹೇಳಲು ಕೂತರೆ ನೀವು ಎರಡು ಸಲ 'ಹೂಂ' ಅಂದು ಮೂರನೆಯದಕ್ಕೆ ಗೊರಕೆ ಹೊಡೆಯುತ್ತೀರಿ. ಕಾಗದವಾದರೆ ನೀವು ಮಲಗಿದರೂ ಅದು ಎದ್ದಿರುತ್ತದೆ.

ನಾನು ಮದುವೆಯಾಗಿ ಕಡೂರಿಗೆ ಬಂದಾಗ ನಮ್ಮ ಮನೆ ಪೇಟೆ ಬೀದಿಯಲ್ಲಿ, ನಿಮ್ಮ ಹಗ್ಗದ ಅಂಗಡಿಯ ಹಿಂದೆಯೇ ಇತ್ತು. ಮುಂದೆ ಅಂಗಡಿ, ಹಿಂದೆ ಎರಡು ಕೋಣೆ ಮತ್ತು ಅಡುಗೆಮನೆ, ಮಧ್ಯೆ ಒಂದು ನಡುಬಾಗಿಲು. ಇಕ್ಕಟ್ಟು, ಕತ್ತಲೆ, ಹೊತ್ತಾರೆಯಿಂದ ಬೈಗಿನವರೆಗೂ ತೆಂಗಿನನಾರಿನ ವಾಸನೆ. ಇಲ್ಲವೆನ್ನುವುದಿಲ್ಲ. ನಾನೂ ಆಗ ಗೊಣಗಿದವಳೇ. ಆದರೆ ನೀವು 'ಲೇ, ಎರಡು ಕಾಫಿ' ಅಂದರೆ ನನಗೆ ಒಲೆಯ ಮುಂದೆಯೇ ಕೇಳುತ್ತಿತ್ತು. ಗಿರಾಕಿ ಮೂಗುದಾರಕ್ಕೆ ಚೌಕಾಸಿ ಮಾಡುವಾಗ ನೀವು ಯಾವ ಮಾತಿಗೆ ಸೋಲುತ್ತೀರಿ ಅನ್ನುವುದೂ ನನಗೆ ಗೊತ್ತಿತ್ತು. ಎಮ್ಮೆದೊಡ್ಡಿ ಕಾವಲಿನ ಕಡೆಯವನೊಬ್ಬ ಹೋರಿಗೆ ಗೆಜ್ಜೆಸರ ಕೊಳ್ಳಲು ಬಂದು, ಸದ್ದು ಹೇಗಿದೆಯೋ ನೋಡೋಣವೆಂದು ತನ್ನ ಕೊರಳಿಗೇ ಕಟ್ಟಿಕೊಂಡು ಅಂಗಡಿಯಲ್ಲೆಲ್ಲ ಕುಣಿದನಲ್ಲ, ನೆನಪಿದೆಯಾ? ಅದನ್ನು ಹೇಳಲು ನೀವು ಅವನನ್ನು ಅಲ್ಲೇ ಬಿಟ್ಟು ಒಳಗೆ ಓಡಿ ಬಂದಿರಿ. ನಗು ತಡೆಯಲಾರದೆ ನಿಮಗೆ ಮಾತೇ ಹೊರಡಲಿಲ್ಲ. ಏನೆಂದು ಗೊತ್ತಾಗದೆ ನಾನೂ ನಕ್ಕೆ. ಆಮೇಲೆ ಬಾಗಿಲ ಸಂದಿಯಿಂದ ಇಣುಕಿ ನೋಡಿದರೆ ಆ ಮನುಷ್ಯ ಇನ್ನೂ ಕುಣಿಯುತ್ತಿದ್ದ.

ಈಗ ಅಂಥವರು ಅಂಗಡಿಗೆ ಬರುವುದಿಲ್ಲವೇ? ಬರುತ್ತಾರೆ. ಆದರೆ ನೀವು ಮನೆ ಮುಟ್ಟುವ ಹೊತ್ತಿಗೆ ಆ ಕಥೆ ದಾರಿಯಲ್ಲೇ ಆರಿಹೋಗಿರುತ್ತದೆ. ಏನಾದರೂ ಹೇಳಿ ಅಂದರೆ 'ಏನಿರ್ತದೆ, ದಿನಾ ಇದ್ದಿದ್ದೇ' ಅನ್ನುತ್ತೀರಿ.

ಆ ಗೃಹನಿರ್ಮಾಣ ಸಂಘದವರು ರೈಲ್ವೆ ಗೇಟಿನಾಚೆ ಬಡಾವಣೆ ಮಾಡಿದ ದಿನದಿಂದ ನಿಮಗೆ ನಿದ್ದೆಯಿರಲಿಲ್ಲ. ಅಗಲವಾದ ರಸ್ತೆ, ಮೊಸಾಯಿಕ್ ನೆಲ, ನಾಲ್ಕು ದಿಕ್ಕಿಗೂ ಕಿಟಕಿ. ಎಷ್ಟು ದೂರ ಎಂದು ನಾನು ಕೇಳಿದೆ. ಕೇಳಿದ್ದು ಅದೊಂದೇ ಪ್ರಶ್ನೆ. 'ದೂರ ಎಲ್ಲಿ ಬಂತೇ, ಕೂಗಳತೆ. ಅಂಗಡಿ ಬಾಗ್ಲಲ್ಲಿ ನಿಂತು ನಾನು ಕೂಗಿದ್ರೆ ನೀನು ಅಡಿಗೆಮನೇಲಿ ಓ ಅಂತೀಯ' ಅಂದಿರಿ. ನಾನು ನಂಬಿದೆ. ನಂಬದೆ ಏನು? ರೈತರಿಗೆ ಹಗ್ಗ ಅಳೆದು ಕೊಡುವಾಗ ನೀವು ಎರಡೂ ಕೈ ಚಾಚಿ ಮಾರು ಹಾಕಿ, ಕೊನೆಗೆ ಒಂದು ಗೇಣು ಜಾಸ್ತಿ ಬಿಟ್ಟು ಕತ್ತರಿಸುವುದನ್ನು ಕಣ್ಣಾರೆ ಕಂಡವಳು ನಾನು. ಹಗ್ಗಕ್ಕೆ ಅಷ್ಟು ಧಾರಾಳವಾಗಿ ಮಾರು ಹಾಕುವವರು, ಹೆಂಡತಿಯ ದಾರಿ ಅಳೆಯುವಾಗ ಮಾತ್ರ ಯಾಕ್ರೀ ಅಷ್ಟು ಕೈ ಬಿಗಿ ಮಾಡಿದಿರಿ?

ನಿಮ್ಮದು ಸುಳ್ಳಲ್ಲ ಎಂದು ನನಗೆ ಆಮೇಲೆ ತಿಳಿಯಿತು. ಹೋದ ವರ್ಷ ಯುಗಾದಿಗೆ ನಿಮ್ಮೂರು ಸಿಂಗಟಗೆರೆಗೆ ಹೋಗಿದ್ದೆವಲ್ಲ, ಆಗ. ನಿಮ್ಮ ಅಣ್ಣ ಕೆರೆ ಏರಿಯ ಮೇಲೆ ನಿಂತು 'ಓಯ್' ಅಂದರು. ಅಷ್ಟು ದೂರದ ತೆಂಗಿನ ತೋಟದಿಂದ ನೀವು 'ಬಂದೇ' ಅಂದಿರಿ. ನಡುವೆ ಏನಿತ್ತು? ನೀರು, ಗಾಳಿ, ಒಂದೆರಡು ಕೊಕ್ಕರೆ. ನೀವು ಆ ಕೂಗಳತೆಯನ್ನು ಹಾಗೇ ಗಂಟು ಕಟ್ಟಿಕೊಂಡು ಬಂದು ಕಡೂರಿನ ಪೇಟೆಯಲ್ಲಿ ಬಿಚ್ಚಿದಿರಿ. ಇಲ್ಲಿ ನಡುವೆ ಲಾರಿ ನಿಲ್ಲುವ ಜಾಗವಿದೆ, ಹಿಟ್ಟಿನ ಗಿರಣಿಯಿದೆ, ಮರ ಕೊಯ್ಯುವ ಮಿಲ್ಲಿದೆ, ರೈಲ್ವೆ ಗೇಟಿದೆ. ಗೇಟು ಹಾಕಿದರೆ ಗೂಡ್ಸ್ ಗಾಡಿ ಬೀರೂರಿನಿಂದ ಹೊರಟಿತೋ ಇಲ್ಲವೋ ದೇವರಿಗೇ ಗೊತ್ತು. ಅಲ್ಲಿ ಬಿಸಿಲಲ್ಲಿ ನಿಂತ ಹೆಂಗಸರಿಗೆ ಕೂಗಿಕೊಳ್ಳುವ ಹಾಗಾಗುತ್ತದೆ, ಅದೊಂದು ನಿಜ.

ಇನ್ನು ಆ ಸಂಘದ ಕಾರ್ಯದರ್ಶಿ ದತ್ತಾತ್ರಿಯವರು. ಬಡಾವಣೆಯಲ್ಲಿ ಅಂಗಡಿ ಕೂಡದು, ಗಿರಣಿ ಕೂಡದು, ಹೋಟೆಲು ಕೂಡದು. 'ಇದು ಶುದ್ಧ ವಾಸದ ಜಾಗ' ಅಂತ ಗೃಹಪ್ರವೇಶದ ದಿನ ಅವರು ಹೋಳಿಗೆ ತಿನ್ನುತ್ತ ಹೇಳಿದ್ದೂ, ನೀವು ಬೀಗಿದ್ದೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ವಾಸ ಅಂದರೆ ಏನೆಂದು ತಿಳಿದಿದ್ದಾರೆ ಆ ಪುಣ್ಯಾತ್ಮರು? ಒಗ್ಗರಣೆಗೆ ಎಣ್ಣೆ ಕಾದಿರುತ್ತದೆ, ಡಬ್ಬಿ ತೆಗೆದರೆ ಸಾಸಿವೆ ಇಲ್ಲ. ಒಂದು ಚಿಟಿಕೆ ಸಾಸಿವೆಗೆ ಗೇಟು ದಾಟಿ ಪೇಟೆಗೆ ಬರಬೇಕು. ರಾಗಿ ಬೀಸಲು ತಲೆಯ ಮೇಲೆ ಚೀಲ, ಸೊಂಟದಲ್ಲಿ ಕಲ್ಲೇಶಿ. ಅವನಿಗೆ ಜ್ವರ ಬಂದರೆ ಡಾಕ್ಟರು ಪೇಟೆಯಲ್ಲಿ, ಸರ್ವಮಂಗಳನ ಸ್ಕೂಲು ಊರಿನ ಆ ತುದಿಯಲ್ಲಿ, ಬಸ್‌ಸ್ಟ್ಯಾಂಡು ಇನ್ನೂ ಆಚೆ. ಊರಿನ ಒಂದೊಂದು ಕೆಲಸವನ್ನೂ ಒಂದೊಂದು ಮೂಲೆಗೆ ಎಸೆದು, ನಡುವೆ ನನ್ನ ಕಾಲುಗಳನ್ನು ಇಟ್ಟಿದ್ದಾರೆ. ಈ ನಕ್ಷೆ ಬರೆದವರು ಜನ್ಮದಲ್ಲಿ ಒಂದು ದಿನವಾದರೂ ರಾಗಿ ಚೀಲ ಹೊತ್ತಿದ್ದರೆ ಕೇಳಿ!

ಪಕ್ಕದ ಮನೆ ಸರೋಜಮ್ಮ ಪಾಪ, ತಮ್ಮ ಕಿಟಕಿಯಲ್ಲಿ ನಾಲ್ಕು ಬಾಟಲಿ ಇಟ್ಟು ಬೆಂಕಿಪೊಟ್ಟಣ, ಸಾಸಿವೆ, ಸೋಪು ಮಾರಲು ಶುರು ಮಾಡಿದ್ದರು. ನಮಗೆಲ್ಲ ಜೀವ ಬಂದ ಹಾಗಾಗಿತ್ತು. ವಾರದಲ್ಲೇ ದತ್ತಾತ್ರಿಯವರು ಬಂದು ನಿಯಮದ ಪುಸ್ತಕ ತೋರಿಸಿದರು. ಸರೋಜಮ್ಮ 'ನಮ್ ಕಿಟ್ಕಿ, ನಮ್ ಬಾಟ್ಲಿ, ಯಾರಾದ್ರೂ ಕೇಳಿದ್ರೆ ಇಲ್ಲ ಅನ್ನಕ್ಕಾಗ್ತದಾ' ಎಂದು ವಾದ ಮಾಡಿದರು. ಕೇಳಲಿಲ್ಲ, ಮುಚ್ಚಿಸಿದರು. ಮುಂದಿನ ಶುಕ್ರವಾರ ಪೂಜೆಯ ಹೊತ್ತಿಗೆ ಕರ್ಪೂರ ಇಲ್ಲವೆಂದು ದತ್ತಾತ್ರಿಯವರ ಹೆಂಡತಿಯೇ ಆ ಕಿಟಕಿಯ ಕೆಳಗೆ ಬಂದು ನಿಂತಿದ್ದರು! ಇದನ್ನು ಅವತ್ತು ರಾತ್ರಿ ನಿಮಗೆ ಹೇಳೋಣವೆಂದು ಕಾದಿದ್ದೆ. ನೀವು ಸಿಂಗಟಗೆರೆಯ ಕೊನೆ ಬಸ್ಸಿನವರಿಗೆ ಹಗ್ಗ ಕೊಟ್ಟು, ಬಾಗಿಲು ಹಾಕಿ, ಗೇಟಿನಲ್ಲಿ ನಿಂತು, ಮನೆಗೆ ಬರುವ ಹೊತ್ತಿಗೆ ನಾನೇ ಗೋಡೆಗೊರಗಿ ನಿದ್ದೆ ಹೋಗಿದ್ದೆ.

ಬೆಳಿಗ್ಗೆ ಹತ್ತು ಹೊಡೆಯಿತೆಂದರೆ ಬಡಾವಣೆ ಬಿಕೋ ಅನ್ನುತ್ತದೆ. ಗಂಡಸರೆಲ್ಲ ಪೇಟೆಗೋ ಆಫೀಸಿಗೋ ಹೋಗಿರುತ್ತಾರೆ. ಮಿಕ್ಕಿದವರು ನಾವು, ನಾಲ್ಕು ದಿಕ್ಕಿನ ಕಿಟಕಿಗಳು. ಕಿಟಕಿಯಲ್ಲಿ ನೋಡಲು ಎದುರುಮನೆಯ ಕಿಟಕಿ.

ಶಿಶುವಿಹಾರದ ಟೀಚರು ಹೇಳಿದ್ದನ್ನು ನಾನು ನಿಮಗೆ ಹೇಳಿರಲಿಲ್ಲ. ಈಗ ಹೇಳುತ್ತೇನೆ. ಅಪ್ಪ ಏನು ಮಾಡುತ್ತಾರೆ ಎಂದು ಮಕ್ಕಳನ್ನೆಲ್ಲ ಕೇಳಿದರಂತೆ. ಒಬ್ಬ ಕಂಡಕ್ಟರ್ ಅಂದ, ಒಬ್ಬ ಮೇಷ್ಟ್ರು ಅಂದ. ನಿಮ್ಮ ಮಗ ಎದ್ದು ನಿಂತು, 'ಮಲ್ಕಂತಾರೆ' ಅಂದನಂತೆ. ಟೀಚರು ನಗುತ್ತ ಹೇಳಿದರು, ನಾನೂ ನಕ್ಕೆ. ದಾರಿಯಲ್ಲಿ ಅತ್ತುಬಿಟ್ಟೆ. ಅವನ ತಪ್ಪೇನು? ಸ್ಕೂಲು ದೂರವೆಂದು ಅವನು ಬೇಗ ಹೊರಡುತ್ತಾನೆ. ತಡವಾಗಿ ಬಂದಿರಿ ಎಂದು ನೀವು ಮಲಗಿರುತ್ತೀರಿ. ರಾತ್ರಿ ನೀವು ಬಂದಾಗ ಅವನು ಮಲಗಿರುತ್ತಾನೆ. ಅಪ್ಪನನ್ನು ಅವನು ಕಂಡಿರುವುದು ಹೆಚ್ಚಾಗಿ ಕಂಬಳಿಯ ಕೆಳಗೇ. ಸರ್ವಮಂಗಳ ಅವನಷ್ಟಿದ್ದಾಗ ನಿಮ್ಮ ತೊಡೆಯ ಮೇಲೆ ಕೂತು ಗೆಜ್ಜೆ ಪೋಣಿಸುತ್ತಿದ್ದಳು. ಶುದ್ಧ ವಾಸದ ಜಾಗದಲ್ಲಿ ವಾಸ ಅಂದರೆ ಮಲಗುವುದೇ ಅಂತ ನಾಲ್ಕು ವರ್ಷದ ಮಗುವಿಗೆ ಅರ್ಥವಾಗಿದೆ, ನಿಮಗೆ ಆಗಿಲ್ಲ.

ಅದನ್ನು ಹೇಳಲಾರದೆಯೇ ಅವತ್ತು ನಾನು ಜಗಳ ತೆಗೆದದ್ದು. ಅಷ್ಟು ಕೂಗಳತೆಯಾದರೆ ಕೂಗಿ ತೋರಿಸಿ ಅಂದೆ. ನೀವು 'ಇದು ಸಿಂಗಟಗೆರೆ ಗಂಟ್ಲು ಕಣೇ' ಅಂತ ಎದೆ ಉಬ್ಬಿಸಿದಿರಿ. ಭಾನುವಾರ ಬೆಳಗಿನ ಪ್ಯಾಸೆಂಜರ್ ಹೋದ ಮೇಲೆ ನೀವು ಅಂಗಡಿ ಬಾಗಿಲಲ್ಲಿ ನಿಂತು ಕೂಗುವುದು, ನಾನು ತಾರಸಿಯ ಮೇಲೆ ನಿಂತು ಕೇಳಿಸಿಕೊಳ್ಳುವುದು ಎಂದು ಮಾತಾಯಿತು. ಒಗೆದ ಬಟ್ಟೆ ಹರವುವ ನೆಪ ಮಾಡಿಕೊಂಡು ನಾನು ಬಹಳ ಹೊತ್ತು ನಿಂತೆ. ಮಿಲ್ಲಿನ ಸದ್ದು ಕೇಳಿಸಿತು, ಲಾರಿಯ ಹಾರನ್ ಕೇಳಿಸಿತು, ಸರೋಜಮ್ಮನ ರೇಡಿಯೋ ಕೇಳಿಸಿತು. ನೀವು ಕೇಳಿಸಲಿಲ್ಲ. ಕಿವಿಗೆ ಕೈ ಅಡ್ಡ ಹಿಡಿದುಕೊಂಡೂ ನಿಂತಿದ್ದೆ ಕಣ್ರೀ. ರಾತ್ರಿ ಏನೆಂದು ಕೂಗಿದಿರಿ ಎಂದು ಕೇಳಿದರೆ, 'ಇನ್ನೇನು, ಲೇ ಅಂದೆ. ಗಾಳಿ ಆಕಡೆ ಇತ್ತು' ಅಂತ ಮಗ್ಗುಲು ತಿರುಗಿದಿರಿ. ಹನ್ನೊಂದು ವರ್ಷದಿಂದ ನಾನು ನಿಮಗೆ 'ಲೇ'. ಅದಕ್ಕೇನೂ ನನ್ನ ತಕರಾರಿಲ್ಲ, ಎಲ್ಲರ ಮನೆಯಲ್ಲೂ ಅಷ್ಟೇ.

ಆಮೇಲೆ ನಾನು ಹೊರಟು ಬಂದ ದಿನದ ಮಾತು. ಮಕ್ಕಳು ದಸರಾ ರಜೆಗೆಂದು ಅಷ್ಟರಲ್ಲೇ ಅಣ್ಣನ ಜೊತೆ ಅಜ್ಜಂಪುರಕ್ಕೆ ಬಂದಿದ್ದರು. ನಾನು ಎಂದಿನಂತೆ ಬುತ್ತಿ ಕ್ಯಾರಿಯರ್ ಹಿಡಿದು ಹೊರಟೆ. ಗೇಟು ಹಾಕಿತ್ತು. ಗೇಟಿನ ಪಕ್ಕ ಹೂ ಮಾರುವ ಅಂಜಿನಮ್ಮನ ಜೊತೆ ಮಾತಾಡುತ್ತ ನಿಂತೆ. ಏನು ಮಾತಾಡಿದೆವು ಅನ್ನುವುದು ಈಗ ಬೇಡ. ಗೂಡ್ಸ್ ಹೋಯಿತು, ಗೇಟು ತೆಗೆದರು, ನಾನು ಅಂಗಡಿಗೆ ಬಂದೆ. ನಾಲ್ಕು ಜನ ಗಿರಾಕಿಗಳು ಕೂತಿದ್ದರು. ನೀವು ಮುಚ್ಚಳ ತೆಗೆದು ಬೆರಳಿಟ್ಟು ನೋಡಿ, ತಲೆಯನ್ನೂ ಎತ್ತದೆ, 'ಲೇ, ಅನ್ನ ಆರೋಗೈತೆ' ಅಂದಿರಿ. ಕ್ಯಾರಿಯರನ್ನು ಹಗ್ಗದ ಸುರುಳಿಯ ಮೇಲೆ ಇಟ್ಟು ನಾನು ನೆಟ್ಟಗೆ ಸ್ಟೇಷನ್ನಿಗೆ ನಡೆದೆ. ಹುಬ್ಬಳ್ಳಿ ಕಡೆಯ ಪ್ಯಾಸೆಂಜರ್ ನಿಂತಿತ್ತು, ಹತ್ತಿದೆ. ಆರಿದ ಅನ್ನಕ್ಕೆ ಯಾರಾದರೂ ಮನೆ ಬಿಡುತ್ತಾರಾ ಎಂದು ಅತ್ತಿಗೆಯೂ ಕೇಳಿದಳು. ಹೂಂ, ನಾನು ಬಿಡುತ್ತೇನೆ ಅಂದೆ.

ಇಲ್ಲಿ ನನಗೆ ಯಾವ ಕೊರತೆಯೂ ಇಲ್ಲ. ಅಣ್ಣನ ಸೈಕಲ್ ಷಾಪು ಮುಂದೆ, ಮನೆ ಹಿಂದೆ. ಸಾಸಿವೆ ಎದುರಂಗಡಿಯಲ್ಲಿ, ಗಿರಣಿ ತಿರುವಿನಲ್ಲಿ. ಅಣ್ಣ ಕಾಫಿ ಅಂತ ಕೂಗುತ್ತಾನೆ, ಅತ್ತಿಗೆ ಇಲ್ಲ ಹೋಗ್ರಿ ಅಂತ ಒಳಗಿಂದಲೇ ಬೈಯುತ್ತಾಳೆ, ಆಮೇಲೆ ಕೊಡುತ್ತಾಳೆ. ದಿನವಿಡೀ ಇದೇ ನಡೆಯುತ್ತದೆ. ಇವರಿಬ್ಬರದ್ದೂ ಅತಿಯಾಯಿತು ಅನ್ನಿಸಿ ನಾನು ಹಿತ್ತಿಲಿಗೆ ಎದ್ದು ಹೋಗುತ್ತೇನೆ. ನಿಮ್ಮ ನೆನಪೇನೂ ಆಗಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಡುಗೆಮನೆಯಲ್ಲಿ ಕ್ಯಾರಿಯರ್ ಹುಡುಕುತ್ತೇನೆ, ಅದು ಬರೀ ಅಭ್ಯಾಸಬಲ. ನಿನ್ನೆ ಒಂದು ಪಾವು ಅಕ್ಕಿ ಜಾಸ್ತಿ ಹಾಕಿಬಿಟ್ಟೆ. ಅತ್ತಿಗೆ ನಕ್ಕಳು. ಅವಳಿಗೆ ಎಲ್ಲದಕ್ಕೂ ನಗು.

ಈ ಊರಿನಲ್ಲೂ ದೂರದ ಕಾಟ ಇಲ್ಲದೆ ಇಲ್ಲ. ಅವ್ವನ ಹೆಸರಿನ ಜಮೀನಿನ ಖಾತೆಗೆ ಒಂದು ಮೊಹರು ಬೇಕಾಗಿ ಅಣ್ಣ ಇಂದು ತರೀಕೆರೆಗೆ ಹೋಗಿದ್ದಾನೆ, ಈ ತಿಂಗಳಲ್ಲಿ ಇದು ಮೂರನೆಯ ಸಲ. ಬೆಳಗಿನ ಬಸ್ಸಿಗೆ ಷಾಪು ಮುಚ್ಚಿ ಹೋದರೆ ಅವತ್ತಿನ ದುಡಿಮೆ ಹೋಯಿತು ಅಂತಲೇ. ಆದರೆ ತರೀಕೆರೆಯನ್ನು ಯಾರೂ ಕೂಗಳತೆ ಅಂತ ಹೇಳಿ ನಮಗೆ ಮೋಸ ಮಾಡಿಲ್ಲ. ದೂರ ಅಂದರೆ ದೂರ. ಬುತ್ತಿ ಕಟ್ಟಿಕೊಂಡೇ ಹೋಗುತ್ತಾನೆ.

ಈಗ ನನ್ನ ಮಾತು ಕೇಳಿ. ನಾವು ಬಿಟ್ಟು ಬಂದ ಆ ಎರಡು ಕೋಣೆಗಳಲ್ಲಿ ಈಗ ಏನಿದೆ? ನಿಮ್ಮ ಹಗ್ಗ. ಹಗ್ಗದ ಸುರುಳಿಗಳು ಪೇಟೆ ಮಧ್ಯೆ ಸಂಸಾರ ಮಾಡುತ್ತಿವೆ, ಹೆಂಡತಿ ಮಕ್ಕಳನ್ನು ಗೇಟಿನಾಚೆ ಗೋಡೌನಿಗೆ ಹಾಕಿದ್ದೀರಿ. ಹಗ್ಗವನ್ನು ಅಂಗಡಿಯ ಅಟ್ಟಕ್ಕೆ ಹತ್ತಿಸಿ. ಕೋಣೆಗೆ ಸುಣ್ಣ ಹೊಡೆಸಿ. ಹೊಸ ಮನೆಯನ್ನು ಕಾಲೇಜಿನ ಮೇಷ್ಟರೊಬ್ಬರು ಬಾಡಿಗೆಗೆ ಕೇಳುತ್ತಿದ್ದರಲ್ಲ, ಅವರಿಗೆ ಕೊಡಿ. ಅವರ ಹತ್ತಿರ ಸ್ಕೂಟರ್ ಇದೆ, ಅವರಿಗೆ ಎಲ್ಲವೂ ಕೂಗಳತೆಯೇ. ನಾಲ್ಕು ಜನ ಏನಂದಾರು, ಅಷ್ಟು ಚೆನ್ನಾಗಿ ಕಟ್ಟಿಸಿ ಮತ್ತೆ ಅಂಗಡಿ ಹಿಂದಕ್ಕೆ ಬಂದರು ಅಂತ ಆಡಿಕೊಳ್ಳುತ್ತಾರೆ ಅನ್ನುವುದು ನಿಮ್ಮ ಚಿಂತೆ, ನನಗೆ ಗೊತ್ತು. ಆಡಿಕೊಳ್ಳಲಿ. ನಾಲ್ಕು ಜನ ನಮ್ಮ ರಾಗಿ ಚೀಲ ಹೊರಲು ಬರಲಿಲ್ಲ. ಆ ಮನೆ ನಿಮ್ಮ ಬೆವರಿನದು, ಅದರ ಮೊಸಾಯಿಕ್ ನೆಲ ನನಗೂ ಇಷ್ಟ. ಆದರೆ ನೆಲದ ಜೊತೆ ಎಷ್ಟು ಹೊತ್ತು ಮಾತಾಡಲಿ?

ಭಾನುವಾರ ಮಧ್ಯಾಹ್ನದ ಗಾಡಿಗೆ ಮಕ್ಕಳ ಜೊತೆ ಬಂದು ಇಳಿಯುತ್ತೇನೆ. ಸ್ಟೇಷನ್ನಿನಿಂದ ನೇರ ಪೇಟೆ ಬೀದಿಗೆ ಬರುತ್ತೇನೆ. ಆ ಕೋಣೆಗಳಲ್ಲಿ ಒಲೆ ಇದ್ದರೆ ಹೊತ್ತಿಸುತ್ತೇನೆ. ಹಗ್ಗವೇ ಇದ್ದರೆ ಅದೇ ಗಾಡಿಯ ಬೆನ್ನಿಗೆ ಬರುವ ಗಾಡಿ ಹತ್ತಿ ಅಜ್ಜಂಪುರಕ್ಕೆ ವಾಪಸು. ಮಕ್ಕಳನ್ನು ಇಲ್ಲಿಯ ಸ್ಕೂಲಿಗೇ ಸೇರಿಸುತ್ತೇನೆ. ಅಣ್ಣನ ಹತ್ತಿರ ಆ ಮಾತೂ ಆಗಿದೆ. ಊರ ದನಕ್ಕೆಲ್ಲ ಮೂಗುದಾರ ಮಾರುವವರ ಹೆಂಡತಿ ಎಳೆದ ಕಡೆ ಬರುವುದಿಲ್ಲ ಅಂತ ಜನ ನಗಲಿ, ಚಿಂತೆಯಿಲ್ಲ.

ಹೋಟೆಲಿನ ಸಾರಿಗೆ ಖಾರ ಜಾಸ್ತಿ. ರಾತ್ರಿ ಹೊತ್ತು ಮಜ್ಜಿಗೆ ಕುಡಿಯಿರಿ.

ಇಂತಿ,
ಕಲ್ಲೇಶಿಯ ತಾಯಿ

ಮತ್ತೆ ಬರೆಯುವುದು:

ಅಂಜಿನಮ್ಮನ ಮಾತು ಈಗ ಬೇಡ ಅಂದಿದ್ದೆ. ಬರೆದೇ ಬಿಡುತ್ತೇನೆ. ಆ ಭಾನುವಾರ ನೀವು ಕೂಗಿದ್ದು ಗೇಟಿನ ತನಕ ಬಂದಿತ್ತಂತೆ, ಅಲ್ಲಿಂದಾಚೆ ಬರಲಿಲ್ಲ. ನೀವು 'ಲೇ' ಅಂದಿರಲಿಲ್ಲವಂತೆ. 'ಮಲ್ಲಿಕಾಂಬಾ' ಅಂತ ಕೂಗಿದಿರಂತೆ, ಗಂಟಲು ಹರಿದುಕೊಂಡು, ಪೇಟೆಯವರೆಲ್ಲ ತಿರುಗಿ ನೋಡುವ ಹಾಗೆ. 'ಯಜಮಾನ್ರ ಬಾಯಲ್ಲಿ ನಿಮ್ಮೆಸ್ರು ಎಷ್ಟ್ ಚಂದಾಗಿತ್ತವ್ವ' ಅಂದಳು ಅಂಜಿನಮ್ಮ. ಹನ್ನೊಂದು ವರ್ಷದಲ್ಲಿ ಒಂದೇ ಒಂದು ಸಲ ನೀವು ನನ್ನ ಹೆಸರು ಹಿಡಿದು ಕರೆದಿರಿ. ಹೂವಿನವಳು ಕೇಳಿದಳು, ಲಾರಿಯವರು ಕೇಳಿದರು, ನಾನೊಬ್ಬಳು ಕೇಳಲಿಲ್ಲ. ಗೇಟು ತೆಗೆದ ಮೇಲೆ ಆ ಮಿಕ್ಕ ದಾರಿಯನ್ನು ನಾನು ಹೇಗೆ ಓಡುತ್ತ ಬಂದೆ ಗೊತ್ತೇನ್ರೀ? ಬಂದರೆ ನೀವು ಅಂದದ್ದು, ಲೇ, ಅನ್ನ ಆರೋಗೈತೆ. ನನಗೆ ಸಿಟ್ಟು ಬಂದದ್ದು ಅನ್ನಕ್ಕಲ್ಲ.

ಭಾನುವಾರ ಆ ನಡುಬಾಗಿಲಲ್ಲಿ ನಿಂತು ಇನ್ನೊಂದು ಸಲ ಕರೆಯಿರಿ. ಮೆಲ್ಲಗೆ ಕರೆದರೂ ಸಾಕು, ಅಲ್ಲಿಂದ ಕೇಳಿಸುತ್ತದೆ.

ಅಣ್ಣ ತರೀಕೆರೆಯಿಂದ ಬಂದು ಜಗಲಿಯ ಮೇಲೆಯೇ ಕೂತಿದ್ದಾನೆ. ಆದರೂ ಕವರಿನ ಮೇಲೆ 'ಪಂಚಾಕ್ಷರಪ್ಪನವರಿಗೆ' ಅಂತ ಬರೆದವಳು ನಾನೇ. ಅಕ್ಷರ ಸ್ವಲ್ಪ ಸೊಟ್ಟಗಿದೆ.

ಮಲ್ಲಿಕಾಂಬ